ಹಗ್ಗದ ಮೇಲಿನ ಕೆಂಪು ಕೌದಿ

ನನಗೊಂದು ಕೆಟ್ಟ ಚಟವಿದೆ. ಯಾರ ಮನೆ ದಾಟಿ ಹೋಗುವಾಗಲೂ ಮೊದಲು ಬಾಗಿಲು ನೋಡುವುದಿಲ್ಲ, ಬಟ್ಟೆ ಒಣಹಾಕಿದ ಹಗ್ಗ ನೋಡುತ್ತೇನೆ. ಬಿಳಿ ಧೋತರಕ್ಕೆ ನೀಲಿ ಹೆಚ್ಚಾಗಿ ಮುಗಿಲಿನ ಬಣ್ಣಕ್ಕೆ ತಿರುಗಿದ್ದರೆ ಆ ಮನೆಗೆ ಹೊಸ ಸೊಸೆ ಬಂದಿದ್ದಾಳೆ, ಅಳತೆ ಇನ್ನೂ ಕೈಗೆ ಬಂದಿಲ್ಲ. ಅಂಗಿಯ ಕಾಲರು ಕಪ್ಪಗೇ ಉಳಿದು ಒಣಗುತ್ತಿದ್ದರೆ ಗಂಡ ಹೆಂಡತಿ ನಡುವೆ ಏನೋ ಸರಿಯಿಲ್ಲ. ದಿಂಬಿನ ಚೀಲ, ಚಾದರ, ಟವೆಲ್ಲು ಒಂದೇ ದಿನ ಸಾಲಾಗಿ ಬಿದ್ದಿದ್ದರೆ ಬೀಗರು ಬಂದು ಹೋಗಿದ್ದಾರೆ. ನಮ್ಮವರು ಇದಕ್ಕೆ ನಗುತ್ತಿದ್ದರು.

"ನೀ ಸಾಲಿ ಟೀಚರ್ ಆಗಬಾರದಿತ್ತು, ಪೊಲೀಸ್ ಠಾಣೇದಾಗ ಇರಬೇಕಿತ್ತು."

ನನಗೆ ಒಳಗೊಳಗೇ ಹೆಮ್ಮೆ. ಹಗ್ಗದ ಮೇಲಿನ ಬಟ್ಟೆ ಸುಳ್ಳು ಹೇಳುವುದಿಲ್ಲ ಎಂದು ನಂಬಿದ್ದೆ. ಬಟ್ಟೆ ನಿಜವಾಗಿಯೂ ಸುಳ್ಳು ಹೇಳುವುದಿಲ್ಲ. ಆದರೆ ಓದುವವಳು ತಪ್ಪು ಓದಬಹುದು. ಅದು ತಿಳಿಯಲು ನಾನು ನನ್ನ ಒಬ್ಬಳೇ ಗೆಳತಿಯನ್ನು ಕಳೆದುಕೊಳ್ಳಬೇಕಾಯಿತು.

ನಾನು ಹುಟ್ಟಿದ್ದು ಇಂಡಿ ತಾಲೂಕಿನ ಅಗರಖೇಡದಲ್ಲಿ, ಭೀಮಾ ನದಿಯ ದಂಡೆಗೆ. ಒಗೆಯುವುದನ್ನು ಕಲಿತದ್ದು ಅವ್ವನ ಹಿಂದೆ ಹೊಳೆಗೆ ಹೋಗಿ. ಮದುವೆಯಾಗಿ ಸಿಂದಗಿಗೆ ಬಂದಾಗ ನಾನು ಮೊದಲು ಅತ್ತದ್ದು ಅತ್ತೆಯ ಮಾತಿಗಲ್ಲ, ನೀರಿಗೆ. ಬೋರಿನ ಸವಳು ನೀರು. ಎಷ್ಟು ಸಾಬೂನು ತಿಕ್ಕಿದರೂ ನೊರೆ ಬಾರದು, ಒಣಗಿದ ಬಟ್ಟೆ ಹಪ್ಪಳದಂತೆ ಸೆಟೆದುಕೊಳ್ಳುತ್ತಿತ್ತು. ಹಿತ್ತಲ ಬೇವಿನ ಮರದ ಕೆಳಗೆ, ಒಗೆಯುವ ಕಲ್ಲಿನ ಮುಂದೆ ಕುಳಿತು ಕಣ್ಣೊರೆಸಿಕೊಳ್ಳುತ್ತಿದ್ದಾಗ ಹಿಂದಿನ ಮನೆಯ ಗೋಡೆಯ ಮೇಲೆ ಮೊದಲು ಒಂದು ಕೊಡ ಬಂತು, ಆಮೇಲೆ ಒಂದು ಮುಖ ಬಂತು.

"ಆ ನೀರಾಗ ಸಾಬೂನ ಕರಗೂದ್ರಾಗ ನೀ ಮುದುಕಿ ಆಗ್ತಿ. ಇದು ಸೀ ನೀರು, ತಗೋ. ಮೊದಲ ಇದರಾಗ ಸಾಬೂನ ಹಚ್ಚು, ಆಮ್ಯಾಲ ಬೋರಿನ ನೀರಾಗ ಜಾಲಾಡಸು."

ಅವರು ಮುಸಲ್ಮಾನರು, ನಾಲ್ಕು ತಲೆಮಾರಿನಿಂದ ಅದೇ ಓಣಿಯವರು. ಆಕೆಯ ಕನ್ನಡ ನನ್ನದಕ್ಕಿಂತ ಗಟ್ಟಿ. ನನಗಿಂತ ಮೂರು ವರ್ಷ ದೊಡ್ಡವಳು. ನಾನು ಅಕ್ಕಾ ಎಂದೆ, ಆಕೆ ತಂಗೀ ಎಂದಳು. ಮುಂದೆ ನನ್ನ ಮಗ ಆಕೆಯನ್ನು ಖಾಲಾ ಎಂದು ಕರೆದ, ಆಕೆಯ ಮಗ ಮತ್ತು ಮಗಳು ನನ್ನನ್ನು ಮೌಶಿ ಎಂದು ಕರೆದರು. ಎರಡಕ್ಕೂ ಅರ್ಥ ಒಂದೇ, ಅವ್ವನ ಒಡಹುಟ್ಟಿದವಳು. ಕೊಡ ದಾಟಿಸುವುದು ಕಷ್ಟವಾಗಿ ಎರಡೂ ಹಿತ್ತಲ ನಡುವಿನ ಗೋಡೆ ಒಡೆದು ಒಂದು ಸಣ್ಣ ಬಾಗಿಲು ಇಡಿಸಿದೆವು. ಅದಕ್ಕೆ ನನ್ನ ಕಡೆಯಿಂದ ಒಂದು ಚಿಲಕ ಇತ್ತು, ಮೂವತ್ತು ವರ್ಷದಲ್ಲಿ ಅದನ್ನು ಹಾಕಿದ ನೆನಪಿಲ್ಲ.

ನಮ್ಮ ಕಡೆ ಮಹಾನವಮಿಗೆ ಮುಂಚೆ ಮನೆಯ ಹಾಸಿಗೆ ಹೊದಿಕೆಯೆಲ್ಲ ನೀರು ಕಾಣಬೇಕು. ಹಳೆಯ ಸೀರೆಗಳನ್ನು ಪದರ ಪದರವಾಗಿ ಇಟ್ಟು ಕೈಯಲ್ಲಿ ಹೊಲಿದ ಕೌದಿಗಳನ್ನು ಆ ವಾರ ಟಂಟಂ ಗಾಡಿಯಲ್ಲಿ ಹೇರಿಕೊಂಡು ಯಂಕಂಚಿ ಕಡೆ ಹೋಗುವ ದಾರಿಯ ಹಳ್ಳಕ್ಕೆ ಹೋಗುತ್ತಿದ್ದೆವು. ನವಮಿ ನನ್ನ ಹಬ್ಬ, ಆದರೆ ಕೌದಿ ಇಬ್ಬರವೂ. ಒಣ ಕೌದಿ ಒಬ್ಬಳ ಹೆಗಲಿಗೆ ಹಗುರ. ನೀರು ಕುಡಿದ ಮೇಲೆ ಅದು ಎದ್ದು ಬಾರದ ಎಮ್ಮೆ. ಒಬ್ಬಳಿಂದ ತುಳಿಯುವುದಾಗುತ್ತದೆ, ಬಡಿಯುವುದಾಗುತ್ತದೆ. ಹಿಂಡುವುದು ಮಾತ್ರ ಆಗುವುದಿಲ್ಲ. ಎರಡು ತುದಿ ಹಿಡಿದು ಎದುರುಬದುರು ನಿಲ್ಲಬೇಕು, ಇಬ್ಬರೂ ಅವರವರ ಬಲಕ್ಕೆ ತಿರುವಬೇಕು, ಒಬ್ಬಳು ಸೋತಳೆಂದು ತಿಳಿದರೆ ಇನ್ನೊಬ್ಬಳು ತಡೆದು ನಿಲ್ಲಬೇಕು. ಅದಕ್ಕೇ ಓಣಿಯಲ್ಲಿ ಪ್ರತಿ ಹೆಂಗಸಿಗೂ ಒಬ್ಬಳು ಜೋಡಿ ಇರುತ್ತಾಳೆ, ಮತ್ತು ಜೋಡಿ ಬದಲಾಗುವುದಿಲ್ಲ. ಹೊಸಬಳ ಕೈಯ ಬಲ ಗೊತ್ತಿರುವುದಿಲ್ಲ, ಜಾರಿಸಿ ಬೀಳಿಸುತ್ತಾಳೆ. ಅಕ್ಕನ ಕೈಯ ಬಲ ನನಗೆ ನನ್ನ ಕೈಗಿಂತ ಚೆನ್ನಾಗಿ ಗೊತ್ತಿತ್ತು.

ಹಳ್ಳದಲ್ಲಿ ಆಕೆಯ ಬಾಯಿ ನಿಲ್ಲುತ್ತಿರಲಿಲ್ಲ. "ಜೋರ್ ತಿರುವ, ತಂಗಿ. ಇದು ನಿನ್ನ ಗಂಡನ ಕಿವಿ ಅಂತ ತಿಳಿ." ದಂಡೆಯಲ್ಲಿದ್ದವರೆಲ್ಲ ನಕ್ಕು ನಕ್ಕು ಸುಸ್ತಾಗುತ್ತಿದ್ದರು. ಮಧ್ಯಾಹ್ನ ಜಾಲಿಗಿಡಗಳ ಮೇಲೆ, ಬಂಡೆಗಳ ಮೇಲೆ ಕೌದಿ ಹರವಿ ರೊಟ್ಟಿ ಬಿಚ್ಚುತ್ತಿದ್ದೆವು. ನನ್ನ ಶೇಂಗಾ ಹಿಂಡಿ ಆಕೆಗೆ, ಆಕೆಯ ಬದನೆಕಾಯಿ ನನಗೆ.

ಹೀಗೆ ಮೂವತ್ತು ನವಮಿ ಕಳೆದವು. ಆಮೇಲಿನದರಲ್ಲಿ ನಾನು ಬಾಯಿ ಕೆಡಿಸಿಕೊಂಡೆ.

ನನ್ನ ಬಳಿ ಒಂದು ಕೌದಿ ಇತ್ತು. ಅಪ್ಪ ತೀರಿಕೊಂಡ ಮೇಲೆ ಅವ್ವ ಅವನ ಧೋತರಗಳನ್ನೆಲ್ಲ ಕೂಡಿಸಿ ಹೊಲಿದದ್ದು. ಮೇಲಿನ ಮೈಗೆ ಅವ್ವನ ಸೀರೆಗಳು, ಕೆಳಗಿನ ಮೈ ಪೂರ್ತಿ ಬಿಳಿ. ಅದನ್ನು ನಾನು ಹೊದೆಯುತ್ತಿರಲಿಲ್ಲ. ವರ್ಷಕ್ಕೊಮ್ಮೆ ಒಗೆದು, ಬಿಸಿಲಿಗೆ ಹಾಕಿ, ಬೇವಿನ ಎಲೆ ಹಾಕಿ ಟ್ರಂಕಿನಲ್ಲಿ ಇಡುತ್ತಿದ್ದೆ. ಆ ವರ್ಷ ಅಕ್ಕ ಹೊಸದೊಂದು ಕೌದಿ ಹೊಲಿದಿದ್ದಳು. ಆಕೆಯ ಮಗ ಹೊಲಿಗೆ ಅಂಗಡಿ ಇಟ್ಟಿದ್ದ, ಅಲ್ಲಿ ಉಳಿದ ಕೆಂಪು ಬಟ್ಟೆಯನ್ನೇ ಮೇಲಿನ ಮೈಗೆ ಹಾಕಿದ್ದಳು. ಕುಂಕುಮದಂತಹ ಕೆಂಪು. ಆ ದಿನ ಮಧ್ಯಾಹ್ನದ ಹೊತ್ತಿಗೇ ಮೋಡ ಕವಿಯಿತು, ಒಣಗಿಸಲು ಬಿಸಿಲಿಲ್ಲ. ಹಿಂಡಿದ ಕೌದಿಗಳನ್ನು ಹಸಿಯಾಗಿಯೇ ಗಾಡಿಯಲ್ಲಿ ಹೇರಿಕೊಂಡು ಬಂದೆವು. ಹಿತ್ತಲಿಗೆ ಇಳಿಸಿ ನೋಡಿದರೆ ಅಪ್ಪನ ಧೋತರಗಳು ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ಒಂದು ಮೂಲೆಯಲ್ಲಿ ರಕ್ತ ಸೋರಿದ ಹಾಗೆ ಕೆಂಪಗೆ ಮಡುಗಟ್ಟಿತ್ತು.

ಅಕ್ಕ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. "ಯಾ ಅಲ್ಲಾ. ತಂಗಿ, ಉಪ್ಪು ನೀರಾಗ ಈಗಿಂದೀಗ ನೆನಿ ಇಡೂಣು, ಬಿಡ್ತೈತಿ."

ನಾನು ಏನಂದೆ ಎಂಬುದನ್ನು ಬರೆಯಬೇಕು, ಇಲ್ಲದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ.

"ನಿಮ್ಮ ಮಂದೀಗೆ ಬಣ್ಣದ ಹುಚ್ಚು. ಬಿಳಿ ಅರಿವಿ ಬೆಲಿ ನಿಮಗೇನ ಗೊತ್ತು?"

ಆಕೆ ಕೈ ಕೆಳಗಿಳಿಸಿದಳು. ನನ್ನ ಮುಖವನ್ನೇ ನೋಡಿ ಕೇಳಿದಳು, "ನಮ್ಮ ಮಂದಿ ಅಂದ್ರ ಯಾರ, ತಂಗಿ?"

ಆಕೆ ತನ್ನ ಕೌದಿಗಳನ್ನು ಒಂದೊಂದಾಗಿ ಎತ್ತಿಕೊಂಡು, ಹಸಿ ಭಾರಕ್ಕೆ ವಾಲುತ್ತ, ಆ ಸಣ್ಣ ಬಾಗಿಲು ದಾಟಿ ಹೋದಳು. ನಾನು ಚಿಲಕ ಹಾಕಿದೆ.

ಇನ್ನೂ ಒಂದು ಮಾತು ಹೇಳಬೇಕು. ಟಂಟಂನಲ್ಲಿ ಆ ಕೆಂಪು ಕೌದಿಯನ್ನು ಬಿಳಿಯದರ ಮೇಲೆ ಹೇರಿದವಳು ನಾನೇ. ಆಕೆ ಆಗ ಹಳ್ಳದಲ್ಲಿ ಕಾಲು ತೊಳೆಯುತ್ತಿದ್ದಳು. ಹೊಸ ಬಣ್ಣವನ್ನು ಬಿಳಿಯ ಮೇಲೆ ಇಡಬಾರದು ಎಂಬುದು ಏಳು ವರ್ಷದ ಹುಡುಗಿಗೂ ಗೊತ್ತು. ಗಡಿಬಿಡಿಯಲ್ಲಿ ಇಟ್ಟೆ. ಇದು ನನಗೆ ಚಿಲಕ ಹಾಕುವ ಮೊದಲೇ ಹೊಳೆದಿತ್ತು, ಆದರೂ ಹಾಕಿದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಮಕ್ಕಳಿಗೆ ಎಷ್ಟು ಸಲ ಪಾಠ ಹೇಳಿದ್ದೆನೋ.

ಮನೆಯಲ್ಲಿ ನಮ್ಮವರಿಗೂ, ಓಣಿಯಲ್ಲಿ ಎಲ್ಲರಿಗೂ ಹೇಳಿಬಿಟ್ಟೆ. ಆ ಮನೆಯ ಸುದ್ದಿ ನನ್ನ ಮುಂದೆ ಎತ್ತಬೇಡಿ. ನನ್ನ ಬಾಯಿಗೆ ಹೆದರಿ ಯಾರೂ ಎತ್ತಲಿಲ್ಲ.

ಆದರೆ ಕಣ್ಣಿಗೆ ಯಾರು ಹೇಳಬೇಕು? ನನ್ನ ಹಿತ್ತಲಿನಿಂದ ಅವರ ಮಾಳಿಗೆಯ ಹಗ್ಗ ಕಾಣುತ್ತಿತ್ತು. ಜಗಳವಾಗಿ ಎಂಟು ದಿನಕ್ಕೇ ಆ ಕೆಂಪು ಕೌದಿ ಹಗ್ಗದ ಮೇಲೆ ಬಂತು. ಹದಿನೈದು ದಿನಕ್ಕೆ ಮತ್ತೆ. ತಿಂಗಳಲ್ಲಿ ಎರಡು ಮೂರು ಸಲ, ಸರಿಯಾಗಿ ನನ್ನ ಕಣ್ಣಿಗೆ ಬೀಳುವ ಕಡೆ. ಕೌದಿಯನ್ನು ವರ್ಷಕ್ಕೊಮ್ಮೆ ಒಗೆಯುತ್ತಾರೆ, ಯಾರು ತಿಂಗಳಿಗೆ ಮೂರು ಸಲ ಒಗೆಯುತ್ತಾರೆ? ನನಗೆ ಅರ್ಥವಾಗಿ ಹೋಯಿತು. ಅಣಕಿಸುತ್ತಿದ್ದಾಳೆ. ನೋಡು, ನಮ್ಮ ಮಂದಿಯ ಬಣ್ಣ ನೋಡು ಎಂದು ನನ್ನ ಮುಖಕ್ಕೆ ಹಿಡಿಯುತ್ತಿದ್ದಾಳೆ. ಅದು ಕಂಡ ದಿನ ನಾನು ಕಲ್ಲಿನ ಮೇಲೆ ಬಟ್ಟೆಯನ್ನು ಅಪ್ಪಳಿಸುವ ಸದ್ದಿಗೆ ನಮ್ಮವರು ಪೇಪರ್ ಹಿಡಿದು ಮುಂದಿನ ಕಟ್ಟೆಗೆ ಹೋಗುತ್ತಿದ್ದರು.

ಮುಂದಿನ ನವಮಿಗೆ ಒಬ್ಬಳೇ ಹಳ್ಳಕ್ಕೆ ಹೋದೆ. ಕೌದಿಯ ಒಂದು ತುದಿಯನ್ನು ಜಾಲಿಗಿಡಕ್ಕೆ ಕಟ್ಟಿ, ಇನ್ನೊಂದು ತುದಿ ನಾನು ತಿರುವಿದೆ. ಗಿಡ ಹಿಡಿದುಕೊಂಡಿತ್ತು, ಆದರೆ ಗಿಡಕ್ಕೆ ಎದುರಿನವಳು ಸೋತದ್ದು ಗೊತ್ತಾಗುವುದಿಲ್ಲ. ಮೊಣಕೈ ಉಳುಕಿ ಹದಿನೈದು ದಿನ ಚಪಾತಿ ಲಟ್ಟಿಸಲಾಗಲಿಲ್ಲ. ದಂಡೆಯ ಇನ್ನೊಂದು ಕಡೆ ಅಕ್ಕ ಬರಬಹುದೆಂದು ಸಂಜೆಯವರೆಗೆ ನೋಡಿದೆ. ಬರಲಿಲ್ಲ. ಅದರ ಮುಂದಿನ ವರ್ಷ ಬಸವನ ಬಾಗೇವಾಡಿಯಲ್ಲಿದ್ದ ಮಗನ ಮನೆಗೆ ಕೌದಿ ಕಟ್ಟಿಕೊಂಡು ಹೋದೆ. ಸೊಸೆ ಮಶೀನಿಗೆ ಹಾಕಿದಳು. ಅರ್ಧದಲ್ಲಿ ಅದು ದೇವರು ಮೈಮೇಲೆ ಬಂದವರಂತೆ ಕುಣಿದು, ಗುರ್ ಎಂದು ನಿಂತುಬಿಟ್ಟಿತು. ಸೊಸೆ ಹಸಿ ಕೌದಿಯನ್ನು ಎರಡೂ ಕೈಯಿಂದ ಎಳೆದು ತೆಗೆದಳು, ನನಗೆ ನಾಚಿಕೆಯಾಯಿತು.

ಆ ಸಂಕ್ರಾಂತಿಯ ಹೊತ್ತಿಗೆ ಕೆಂಪು ಕೌದಿ ಹಗ್ಗಕ್ಕೆ ಬರುವುದು ನಿಂತಿತು. ಅದರ ಬದಲು ಒಂದು ದಿನ ಅರಿವೆಯ ತುಂಡುಗಳು ಬಂದವು. ಹಳೆಯ ಮೆತ್ತನೆ ಸೀರೆಗಳನ್ನು ಹರಿದು ಮಾಡಿದ ಚೌಕದ ತುಂಡುಗಳು, ಹತ್ತು, ಹನ್ನೆರಡು, ಮರುದಿನ ಹದಿನೈದು. ನನ್ನ ಕೈಯಲ್ಲಿದ್ದ ಬಕೀಟು ಹಾಗೇ ನಿಂತಿತು. ಅಂತಹ ತುಂಡುಗಳು ಹಗ್ಗದ ಮೇಲೆ ಸಾಲಾಗಿ ಬಂದರೆ ನಮ್ಮ ಕಡೆ ಯಾರನ್ನೂ ಕೇಳಬೇಕಾಗಿಲ್ಲ. ಮನೆಗೆ ಕೂಸು ಬಂದಿದೆ.

ಅಕ್ಕನ ಮಗಳನ್ನು ಮುದ್ದೇಬಿಹಾಳಕ್ಕೆ ಕೊಟ್ಟಿತ್ತು. ಮದುವೆಯಾಗಿ ಏಳು ವರ್ಷ, ಮಕ್ಕಳಿಲ್ಲ. ಆ ಹುಡುಗಿಗಾಗಿ ಅಕ್ಕ ಎಷ್ಟು ದರ್ಗಾಕ್ಕೆ ಹೋಗಿದ್ದಳೋ, ನಾನು ಅಷ್ಟೇ ಗುಡಿಗಳಿಗೆ ಹೋಗಿ ಬಂದಿದ್ದೆ. ಹಿಂದಿನ ವಾರವಷ್ಟೇ ಆ ಹುಡುಗಿ ಬುರ್ಖಾದಲ್ಲಿ ಆಟೋದಿಂದ ಇಳಿದು, ದೊಡ್ಡ ಚೀಲದೊಂದಿಗೆ ಓಣಿ ತಿರುಗಿದ್ದನ್ನು ನಾನೇ ನೋಡಿದ್ದೆ. ಚೊಚ್ಚಲ ಬಾಣಂತನ ತವರಿನಲ್ಲೇ. ಎಲ್ಲ ಕೂಡಿ ಬಂತು. ನಾನು ಖುಷಿಗೆ ಬೇವಿನ ಮರಕ್ಕೆ ಒರಗಿ ನಿಂತೆ. ಮರುಕ್ಷಣ ಬಕೀಟನ್ನು ಕಲ್ಲಿನ ಮೇಲೆ ಕುಕ್ಕಿದೆ. ಇಂಥ ಸುದ್ದಿಯನ್ನೂ ನನಗೆ ಹೇಳಲಿಲ್ಲವಲ್ಲ ಅಕ್ಕ!

ಆ ಸಂಜೆ ಊಟಕ್ಕೆ ಕುಳಿತಾಗ ನಮ್ಮವರು ಬಾಯಿ ತೆರೆದರು. "ಹಿಂದಿನ ಮನ್ಯಾಗ ಅವರಿಗಿ..."

"ಆ ಮನಿ ಸುದ್ದಿ ಬ್ಯಾಡ ಅಂತ ಹೇಳೇನಿಲ್ರಿ? ನನಗ ಕಣ್ಣ ಅದಾವು, ಕಾಣ್ತೈತಿ."

ಅವರು ರೊಟ್ಟಿ ಮುರಿದರು.

ಕರೆಯದಿದ್ದರೆ ಬಿಡಲಿ, ಕೂಸು ಏನು ಮಾಡಿದೆ ಎಂದುಕೊಂಡು ಟ್ರಂಕು ತೆಗೆದೆ. ನನ್ನ ಅತ್ಯಂತ ಮೆತ್ತನೆಯ ಎರಡು ಹಳೆಯ ಸೀರೆ, ಅವ್ವನ ಒಂದು ಕುಪ್ಪಸದ ಬಟ್ಟೆ ಆರಿಸಿದೆ. ಒಂದು ಮೊಳದ ಕೌದಿ. ಹೊಲಿಗೆ ಸಣ್ಣದಿರಬೇಕು, ಗಂಟು ಮೇಲೆ ಬರಬಾರದು, ಕೂಸಿನ ಮೈಗೆ ಒತ್ತುತ್ತದೆ. ಸಾಲಿಯಿಂದ ನಿವೃತ್ತಿಯಾದ ಮೇಲೆ ಹಗಲು ದೊಡ್ಡದಾಗಿತ್ತು. ಕಿಟಕಿಯ ಬಳಿ ಕುಳಿತು ಹೊಲಿಯುತ್ತ ಕರೆಗಾಗಿ ಕಾದೆ. ತೊಟ್ಟಿಲಿಗಾದರೂ ಕರೆಯುತ್ತಾಳೆ ಎಂದುಕೊಂಡೆ. ತುಂಡುಗಳು ದಿನವೂ ಹಗ್ಗಕ್ಕೆ ಬರುತ್ತಿದ್ದವು. ಈಗ ಯೋಚಿಸಿದರೆ ತಲೆ ಚಚ್ಚಿಕೊಳ್ಳಬೇಕೆನಿಸುತ್ತದೆ. ಆ ಹಗ್ಗದ ಮೇಲೆ ಕೂಸಿನ ಒಂದು ಕುಂಚಿಗೆ ಇರಲಿಲ್ಲ, ಒಂದು ಝಬಲಾ ಇರಲಿಲ್ಲ, ಬೆರಳುದ್ದದ ಟೊಪ್ಪಿಗೆ ಕೂಡ ಇರಲಿಲ್ಲ. ತುಂಡುಗಳೂ ಕೂಸಿನವಕ್ಕಿಂತ ಎಷ್ಟು ದೊಡ್ಡವು! ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುವುದು ನನ್ನಂಥವರನ್ನು ಕಂಡೇ ಇರಬೇಕು.

ಕೌದಿಯ ಕೊನೆಯ ಮೂಲೆಯನ್ನು ಮುಚ್ಚುವ ಮೊದಲು ಒಳಗೆ ಒಂದು ಚೂರು ರೊಟ್ಟಿ, ಒಂದು ಹರಳು ಬೆಲ್ಲ ಇಡುತ್ತೇವೆ. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಬರುವುದಿಲ್ಲ ಎನ್ನುತ್ತಾರೆ. ಬೆಲ್ಲ ಇಟ್ಟು, ಮೂಲೆ ಮುಚ್ಚಿ, ದಾರ ಕಡಿದೆ. ಕರೆ ಬರಲಿಲ್ಲ. ನನಗೆ ತಡೆಯಲಾಗಲಿಲ್ಲ. ಕೌದಿಯನ್ನು ಅಕ್ಕನ ಮುಂದೆ ಇಟ್ಟು, ನಾಲ್ಕು ಮಾತು ಅಂದು, ತಿರುಗಿ ನೋಡದೆ ಬಂದುಬಿಡಬೇಕು ಎಂದುಕೊಂಡು ಹಿತ್ತಲಿಗೆ ಹೋದೆ. ಚಿಲಕ ತುಕ್ಕು ಹಿಡಿದಿತ್ತು. ಕಲ್ಲಿನಿಂದ ಎರಡು ಪೆಟ್ಟು ಹಾಕಿ ತೆಗೆದೆ.

ಆ ಕಡೆ ನಳದ ಮುಂದೆ ಮಗಳು ಕುಕ್ಕರುಗಾಲಲ್ಲಿ ಕುಳಿತು ತುಂಡುಗಳನ್ನು ಒಗೆಯುತ್ತಿದ್ದಳು. ಸದ್ದಿಗೆ ಎದ್ದು ನಿಂತಳು. ಕಟ್ಟಿಗೆಯಂತೆ ಸೊರಗಿದ್ದಳು. ಬಾಣಂತಿಯ ಮೈ ಅದಲ್ಲ, ತಲೆಗೆ ಅರಿವೆ ಕಟ್ಟಿರಲಿಲ್ಲ, ಲೋಬಾನದ ವಾಸನೆ ಇರಲಿಲ್ಲ. ಆದರೂ ನನ್ನ ಬಾಯಿಗೆ ಅದೇ ಬಂತು.

"ಕೂಸು ಎಲ್ಲೈತಿ?"

"ಯಾವ ಕೂಸು, ಮೌಶಿ?"

ಆಕೆ ನನ್ನ ಕೈಯಲ್ಲಿದ್ದ ಸಣ್ಣ ಕೌದಿಯನ್ನು ನೋಡಿದಳು. ಬುಟ್ಟಿಯಲ್ಲಿದ್ದ ತುಂಡುಗಳನ್ನು ನೋಡಿದಳು. ಆ ಹುಡುಗಿಗೆ ಎಲ್ಲ ಅರ್ಥವಾಯಿತು. ಏಳು ವರ್ಷ ಬರದ ಕೂಸನ್ನು ನಾನು ಆಕೆಯ ಮುಖದ ಮುಂದೆ ಹಿಡಿದುಕೊಂಡು ನಿಂತಿದ್ದೆ. ಆದರೂ ಆಕೆ ಅಳಲಿಲ್ಲ, ನನ್ನ ಕೈ ಹಿಡಿದಳು.

"ಅಮ್ಮಿಗಿ ಲಕ್ವಾ ಹೊಡದೈತ್ರಿ. ನಿಮಗ ಗೊತ್ತಿಲ್ಲೇನ್ರಿ?"

ಒಳಗೆ ಕಿಟಕಿಯ ಬಳಿ ಹಾಸಿಗೆ. ಅದರ ಮೇಲೆ ಅಕ್ಕ. ಬಲಗೈ, ಬಲಗಾಲು ಬಿದ್ದುಹೋಗಿದ್ದವು, ಬಾಯಿ ಒಂದು ಕಡೆ ಎಳೆದಿತ್ತು. ಹಳ್ಳದಲ್ಲಿ ನನ್ನನ್ನು ತಡೆದು ನಿಲ್ಲಿಸುತ್ತಿದ್ದ ಕೈ ಚಾದರದ ಮೇಲೆ ಯಾರದೋ ವಸ್ತುವಿನಂತೆ ಬಿದ್ದಿತ್ತು. ನನ್ನ ನಾಲ್ಕು ಮಾತು ಎಲ್ಲಿ ಹೋದವೋ. ನಾನು ನೆಲದ ಮೇಲೆ ಕುಳಿತು ಅಳಲು ಶುರು ಮಾಡಿದೆ.

ಆಕೆ ಎಡಗೈಯಿಂದ ಸಣ್ಣ ಕೌದಿಯನ್ನು ಎಳೆದುಕೊಂಡಳು. ಹೊಲಿಗೆಯ ಮೇಲೆ ಬೆರಳಾಡಿಸಿದಳು, ಗಂಟು ಹುಡುಕುತ್ತಿದ್ದಳು, ಸಿಗಲಿಲ್ಲ. ಮಾತು ಒಂದೊಂದೇ ಬಂತು.

"ಯಾ...ರಿಗಿ?"

ಮಗಳು ಬಾಗಿಲಲ್ಲಿ ನಿಂತಿದ್ದಳು. ನಾನು ಮೂಗು ಒರೆಸಿಕೊಂಡೆ. "ನಿನಗs, ಅಕ್ಕಾ."

ಅರ್ಧ ಬಾಯಿಯಲ್ಲಿ ನಕ್ಕಳು. "ಹೂಂ. ನಾ... ಕೂಸs... ಆಗೇನಿ."

ಮನೆಗೆ ಬಂದು ನಮ್ಮವರ ಮೇಲೆ ಎಗರಿಬಿದ್ದೆ, ಯಾಕೆ ಹೇಳಲಿಲ್ಲ ಎಂದು. ಅವರು ಕನ್ನಡಕ ತೆಗೆದು ಒರೆಸಿದರು. "ಹೇಳಾಕs ಬಂದಿದ್ದೆ. ನೀ ಎಲ್ಲಿ ಬಿಟ್ಟಿ?"

ಮರುದಿನದಿಂದ ಆ ತುಂಡುಗಳನ್ನು ನಾನು ತಂದು ನನ್ನ ಕಲ್ಲಿನ ಮೇಲೆ ಒಗೆದೆ. ಮಗಳು ಬೇಡವೆಂದಳು, ನಾನು ಕೇಳಲಿಲ್ಲ. ಅದಕ್ಕೊಂದು ಕ್ರಮವಿದೆ. ಮೊದಲು ತಣ್ಣೀರು. ಬಿಸಿ ನೀರು ಮೊದಲೇ ಹಾಕಿದರೆ ಕಲೆ ಕಚ್ಚಿಕೊಳ್ಳುತ್ತದೆ. ಆಮೇಲೆ ಸೀ ನೀರಿನಲ್ಲಿ ಸಾಬೂನು, ಆಮೇಲೆ ಬೇವಿನ ಎಲೆ ಹಾಕಿ ಕುದಿಸಿದ ನೀರು, ಕೊನೆಗೆ ಸುಡುವ ಬಿಸಿಲು. ಒಣಗಿದ ಮೇಲೆ ಒಂದೊಂದು ತುಂಡನ್ನೂ ಎರಡು ಅಂಗೈ ನಡುವೆ ತಿಕ್ಕಿ ತಿಕ್ಕಿ ಮೆತ್ತಗೆ ಮಾಡುತ್ತಿದ್ದೆ. ಸವಳು ನೀರಿನ ಸೆಡವು ಉಳಿದರೆ ಬೆನ್ನಿನ ಹುಣ್ಣಿಗೆ ತಾಗುತ್ತದೆ. ಸಣ್ಣ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಬಿದ್ದ ಕೈಯ ಕೆಳಗೆ ಇಟ್ಟೆವು.

ದಿನವೂ ಆಕೆಯ ಬಳಿ ಒಂದು ಗಂಟೆ ಕುಳಿತುಕೊಳ್ಳುತ್ತಿದ್ದೆ. ಓಣಿಯ ಸುದ್ದಿ ಹೇಳುತ್ತಿದ್ದೆ, ಯಾರ ಹಗ್ಗದ ಮೇಲೆ ಏನಿದೆ ಎಂದು ಹೇಳುತ್ತಿದ್ದೆ. ಆ ಒಂದು ಮಾತನ್ನು ಮಾತ್ರ ಹೇಳಲಿಲ್ಲ. ಅವತ್ತು ನಾ ಅಂದದ್ದು ತಪ್ಪಾತು, ಅಕ್ಕಾ. ಇಷ್ಟೇ ಮಾತು. ಮನೆಯಲ್ಲಿ ಬಟ್ಟೆ ಹಿಂಡುತ್ತ ಹತ್ತು ಸಲ ಅಂದು ನೋಡಿಕೊಂಡು ಹೋಗುತ್ತಿದ್ದೆ. ಆಕೆಯ ಮುಖ ಕಂಡ ಕೂಡಲೇ, ಇವತ್ತು ನಗುತ್ತಿದ್ದಾಳೆ, ನೆನಪಿಸುವುದು ಬೇಡ, ನಾಳೆ ಹೇಳಿದರಾಯಿತು ಎನಿಸುತ್ತಿತ್ತು. ಬಾಯಿಯಿಂದ ಆದದ್ದನ್ನು ಬಾಯಿಯಿಂದಲೇ ತೊಳೆಯಬೇಕಿತ್ತು. ನಾನು ಕೈಯಿಂದ ತೊಳೆಯುತ್ತ ಕುಳಿತೆ.

ರಮಜಾನಿಗೆ ಇನ್ನೂ ಕೆಲವು ದಿನ ಇತ್ತು. ಅವರ ಮನೆಯ ಪರದೆಗಳನ್ನೆಲ್ಲ ಇಳಿಸಿ ನೆನೆ ಹಾಕೋಣ ಎಂದು ನಾನೂ ಮಗಳೂ ಮಾತಾಡಿಕೊಂಡಿದ್ದೆವು. ಬೆಳಗಿನ ಹತ್ತು ಗಂಟೆ ಇರಬೇಕು. ಆ ದಿನದ ತುಂಡುಗಳಿಗೆ ಸಾಬೂನು ಹಚ್ಚುತ್ತಿದ್ದೆ. ಮಗಳು ಸಣ್ಣ ಬಾಗಿಲಲ್ಲಿ ಬಂದು ಚೌಕಟ್ಟು ಹಿಡಿದು ನಿಂತಳು. ನಾನು ನೊರೆಯ ಕೈಯಲ್ಲೇ ಓಡಿದೆ. ಅಕ್ಕನ ಎಡಗೈ ಇನ್ನೂ ಬೆಚ್ಚಗಿತ್ತು. ಕೊನೆಯ ಸ್ನಾನವನ್ನು ಅವರ ಹೆಂಗಸರು ಒಳಗೆ ಪರದೆ ಕಟ್ಟಿ ಮಾಡಿಸಿದರು. ಆ ಹೊತ್ತಿನಲ್ಲಿ ನನಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಹಿತ್ತಲಿಗೆ ಬಂದು, ಅರ್ಧಕ್ಕೆ ಬಿಟ್ಟ ತುಂಡುಗಳನ್ನು ಒಗೆದೆ. ಜಾಲಾಡಿಸಿದೆ, ಬೇವಿನ ನೀರಿನಲ್ಲಿ ಅದ್ದಿದೆ, ಹಗ್ಗಕ್ಕೆ ಹಾಕಿದೆ. ಅವು ಇನ್ನು ಯಾರಿಗೂ ಬೇಕಾಗಿರಲಿಲ್ಲ. ಸಂಜೆ ಅವನ್ನು ತೆಗೆದು, ಎಂದಿನಂತೆ ಅಂಗೈಯಲ್ಲಿ ತಿಕ್ಕಿ, ಮಡಿಚಿ ಇಟ್ಟೆ.

ಮಗಳು ಮುದ್ದೇಬಿಹಾಳಕ್ಕೆ ಹೋಗುವಾಗ ಸಣ್ಣ ಕೌದಿಯನ್ನು ಎದೆಗೆ ಹಿಡಿದುಕೊಂಡು ಕೇಳಿದಳು, "ಇದನ್ನ ನಾ ಒಯ್ಯಲೇನ್ರಿ, ಮೌಶಿ?" ನಾನು ಆಕೆಯ ತಲೆಯ ಮೇಲೆ ಕೈ ಇಟ್ಟೆ.

ಈ ಸಲದ ನವಮಿಗೆ ಆಕೆ ಬಂದಳು. ಅಣ್ಣ ಒಬ್ಬನೇ ಇರುವ ಮನೆ, ಹಾಸಿಗೆ ಹೊದಿಕೆ ಒಗೆದು ಕೊಟ್ಟು ಹೋಗಬೇಕೆಂದು. ಹಿತ್ತಲ ಬಾಗಿಲಿನಿಂದ ತಲೆ ಹಾಕಿ, "ಮೌಶಿ, ನನಗ ಜೋಡಿ ಇಲ್ರಿ, ನೀವು ಬರ್ತೀರೇನ್ರಿ?" ಎಂದಳು. ನಾನೂ ನನ್ನ ಕೌದಿಗಳನ್ನು ಕಟ್ಟಿದೆ. ಗುಲಾಬಿಯಾದ ಅಪ್ಪನ ಧೋತರದ ಕೌದಿಯನ್ನೂ ತೆಗೆದುಕೊಂಡೆ, ಜಗಳವಾದಾಗಿನಿಂದ ಅದನ್ನು ಟ್ರಂಕಿನಿಂದ ಹೊರಗೆ ತೆಗೆದಿರಲಿಲ್ಲ.

ಹಳ್ಳದ ದಂಡೆಯ ಮೇಲೆ ಆಕೆ ಗಂಟು ಬಿಚ್ಚಿದಳು. ಒಂದೊಂದೇ ಕೌದಿ ಗುರುತು ಹಿಡಿದೆ. ಒಂದು ಮಾತ್ರ ಯಾವುದೆಂದು ತಿಳಿಯಲಿಲ್ಲ. ಉಳ್ಳಾಗಡ್ಡಿ ಸಿಪ್ಪೆಯಂತಹ ಮಾಸಿದ ಬಣ್ಣ, ಅಲ್ಲಲ್ಲಿ ದಾರಗಳು ಎದ್ದಿದ್ದವು, ಒಗೆದು ಒಗೆದು ಸವೆದಂತಿತ್ತು.

"ಇದು ಯಾವುದವ್ವಾ? ಎಷ್ಟು ವರ್ಷದ್ದು?"

"ಹಳೇದಲ್ರಿ. ಅಣ್ಣನ ಅಂಗಡಿ ಕೆಂಪು ಅರಿವಿದು. ನಿಮ್ಮ ಕೌದಿಗಿ ಬಣ್ಣ ಹತ್ತಿತ್ತಲ್ರಿ, ಅದs." ಆಕೆ ಅದನ್ನು ಬಿಡಿಸುತ್ತಲೇ ಹೇಳಿದಳು. "ಅಮ್ಮಿ ಇದನ್ನ ಒಂದ ದಿನಾನೂ ಹೊದೀಲಿಲ್ಲ. ಉಪ್ಪು ನೀರಾಗ, ಸೋಡಾ ಹಾಕಿದ ನೀರಾಗ ನೆನಿ ಇಡೂದು, ಒಗ್ಯೂದು, ಮಾಳಿಗಿ ಮ್ಯಾಲ ಹಾಕೂದು. ತಿಂಗಳಿಗೆ ಎರಡ ಮೂರ ಸಲ. ಲಕ್ವಾ ಹೊಡದ ದಿನಾನೂ ಇದರ ಬಕೀಟs ಎತ್ತಾಕತ್ತಿದ್ಲು. ಯಾಕ ಬೇ ಇಷ್ಟ ಒಗೀತಿ ಅಂದ್ರ, ಬಣ್ಣ ಪೂರಾ ಬಿಡಲಿ, ತಂಗಿ ಜೋಡಿ ಹಳ್ಳಕ್ಕ ಹೋಗಬೇಕು ಅಂತಿದ್ಲು."

ನಾನು ನೀರಿನೊಳಗೆ ನಿಂತಿದ್ದೆ. ಹೊರಗೆ ಬಂದು ಬಂಡೆಯ ಮೇಲೆ ಕುಳಿತೆ. ತಿಂಗಳಿಗೆ ಎರಡು ಮೂರು ಸಲ, ಸರಿಯಾಗಿ ನನ್ನ ಕಣ್ಣಿಗೆ ಬೀಳುವ ಕಡೆ, ಆ ಕೌದಿ ನನಗೆ ಅಣಕದಂತೆ ಕಂಡಿತ್ತು. ಒಂದೊಂದು ಸಲಕ್ಕೂ ಅದರ ಕೆಂಪು ಕಡಿಮೆಯಾಗುತ್ತ ಬಂದದ್ದು ನನ್ನ ಈ ಪೊಲೀಸ್ ಕಣ್ಣಿಗೆ ಕಾಣಲೇ ಇಲ್ಲ.

"ಅವತ್ತ ನಾ ನಿಮ್ಮ ಅಮ್ಮಿಗಿ ಒಂದ ಮಾತ ಅಂದಿದ್ದೆ," ಎಂದೆ. "ತಪ್ಪ ಮಾತ."

"ಗೊತ್ತೈತ್ರಿ, ಮೌಶಿ."

"ತಪ್ಪಾತು ಅಂತ ಆಕೀಗಿ ಹೇಳಲಿಲ್ಲ. ದಿನಾ ನಾಳೆ ನಾಳೆ ಅಂದೆ."

ಆಕೆ ನನ್ನ ಗಂಟಿನಿಂದ ಧೋತರದ ಕೌದಿಯನ್ನು ತೆಗೆದು, ಅಮ್ಮಿಯ ಕೌದಿಯ ಜೊತೆಗೇ ನೀರಿಗಿಳಿಸಿ, ಒಂದರ ಮೇಲೊಂದು ಇಟ್ಟು ತುಳಿಯತೊಡಗಿದಳು. ನಾನೂ ಇಳಿದೆ. ಬಹಳ ಹೊತ್ತು ತುಳಿದೆವು. ಆಮೇಲೆ ಅಕ್ಕನ ಕೌದಿಯ ಒಂದು ತುದಿ ಆಕೆ ಹಿಡಿದಳು, ಇನ್ನೊಂದು ತುದಿ ನಾನು ಹಿಡಿದೆ. ಇಬ್ಬರೂ ಬಲಕ್ಕೆ ತಿರುವಿದೆವು. ನಾನು ಸೋತಾಗ ಆಕೆ ತಡೆದು ನಿಂತಳು, ಥೇಟ್ ತನ್ನ ಅಮ್ಮಿಯ ಹಾಗೆ.

ಕೌದಿಯಿಂದ ಧಾರೆಯಾಗಿ ನೀರಿಳಿಯಿತು. ನಾನು ಬಗ್ಗಿ ನೋಡಿದೆ. ಒಂದು ಹನಿ ಬಣ್ಣ ಇರಲಿಲ್ಲ.